ಕಲೆ ಮಾಡುವ ಕಲೆ

‘ಇದು ಯುದ್ಧಕ್ಕೆ ಹೋಗಿಬಂದ ಟ್ಯಾಂಕ್ ಅಲ್ಲ ಸರ್. ಗುಜರಿಗೆ ಹೋಗಿಬಂದದ್ದು.’

ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಹವಾಲ್ದಾರರು ಹೀಗೆ ತೀರ್ಪು ಕೊಟ್ಟು, ನನ್ನ ಮೂರು ತಿಂಗಳ ದುಡಿಮೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅದು ಗೇಣುದ್ದವೂ ಇಲ್ಲದ ಪ್ಲಾಸ್ಟಿಕ್ ಟ್ಯಾಂಕ್. ಎರಡನೇ ಮಹಾಯುದ್ಧದ ಅಮೆರಿಕನ್ ಷರ್ಮನ್‌ನ ಪಡಿಯಚ್ಚು. ಹಸಿರು ಬಣ್ಣ ಹೊಡೆದು ಮುಗಿಸಿದಾಗ ಅದು ಜಾತ್ರೆಯ ಆಟಿಕೆಯಂತೆ ಕಂಡಿತ್ತು. ಆಟಿಕೆಯ ಕಳೆ ಹೋಗಲಿ, ರಣರಂಗದ ಕಳೆ ಬರಲಿ ಎಂದು ನಾನು ಅದಕ್ಕೆ ಕಂಡಕಂಡಲ್ಲೆಲ್ಲ ತುಕ್ಕು ಹಿಡಿಸಿದ್ದೆ. ಚಕ್ರಕ್ಕೆ ತುಕ್ಕು, ನಳಿಗೆಗೆ ತುಕ್ಕು, ಸರಪಳಿಯಂಥ ಟ್ರ್ಯಾಕ್‌ಗಳಿಗಂತೂ ಇಟ್ಟಿಗೆ ಬಣ್ಣದ ತುಕ್ಕು.

ಹವಾಲ್ದಾರರು ವರ್ಷಗಟ್ಟಲೆ ವಿಜಯಂತ ಟ್ಯಾಂಕ್ ಓಡಿಸಿದವರು. ಅವರ ಬಾಯಲ್ಲಿ ಮುಂದೆ ಬಂದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ‘ದಿನಾ ಓಡುವ ಟ್ರ್ಯಾಕ್‌ಗೆ ತುಕ್ಕು ಹಿಡಿಯೋಕೆ ಪುರುಸೊತ್ತೆಲ್ಲಿ? ಇದರೊಳಗೆ ಇದ್ದವರು ಏನು ಮಾಡ್ತಾ ಇದ್ದರು, ಮಲಗಿದ್ದರೇ?’

ಟ್ಯಾಂಕಿನೊಳಗೆ ಯಾರಾದರೂ ಇದ್ದರು ಎಂಬುದೇ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ!

ಕನ್ನಡದಲ್ಲಿ ಕಲೆ ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥ. ಶಿಲ್ಪ ಸಂಗೀತಗಳೂ ಕಲೆ, ಬಟ್ಟೆಗೆ ಹತ್ತಿದ ಕರೆಯೂ ಕಲೆ. ಈ ಎರಡೂ ಅರ್ಥಗಳು ಒಂದೇ ಮೇಜಿನ ಮೇಲೆ ಕೂಡುವ ಹವ್ಯಾಸವೊಂದಿದ್ದರೆ ಅದು ಇದೇ. ಸೇನೆಯ ಟ್ಯಾಂಕುಗಳ ಪುಟ್ಟ ಮಾದರಿಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಆ ಹೊಸ ಬಣ್ಣವನ್ನು ಬೇಕೆಂದೇ ಕೆಡಿಸುವುದು. ಹವ್ಯಾಸಿಗಳ ಭಾಷೆಯಲ್ಲಿ ಇದಕ್ಕೆ ‘ವೆದರಿಂಗ್’ ಎಂದು ಹೆಸರು. ಬಿಸಿಲು, ಮಳೆ, ಧೂಳು, ಕೆಸರು, ಎಣ್ಣೆ, ಬೂಟುಗಾಲು ಇವೆಲ್ಲ ಸೇರಿ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಕುಂಚದ ತುದಿಯಿಂದ ಕೆಲವೇ ದಿನಗಳಲ್ಲಿ ಮಾಡಿ ತೋರಿಸಬೇಕು. ಬಣ್ಣ ಹಚ್ಚುವುದು ಯಾರಿಗಾದರೂ ಒಲಿದೀತು. ಕೊಳೆ ಹಚ್ಚುವುದು ಮಾತ್ರ ಅಷ್ಟು ಸುಲಭವಾಗಿ ಒಲಿಯುವ ವಿದ್ಯೆಯಲ್ಲ.

ಬ್ಯಾಟರಿ ತಂದ ಅಳತೆ

ಜಗತ್ತಿನ ಟ್ಯಾಂಕ್ ಮಾದರಿಗಳಲ್ಲಿ ತೀರ ಜನಪ್ರಿಯವಾದ ಅಳತೆ 1:35. ಅಂದರೆ ನಿಜವಾದ ಟ್ಯಾಂಕಿನ ಮೂವತ್ತೈದನೇ ಒಂದು ಪಾಲು. ಮೂವತ್ತು, ನಲವತ್ತು ಎಂಬ ಸರಿ ಸಂಖ್ಯೆಗಳನ್ನು ಬಿಟ್ಟು ಈ ಮೂವತ್ತೈದು ಎಲ್ಲಿಂದ ಬಂತು? ಇದರ ಹಿಂದೆ ಗಣಿತವೂ ಇಲ್ಲ, ಸೇನೆಯ ನಿಯಮವೂ ಇಲ್ಲ. ಇರುವುದು ಟಾರ್ಚಿಗೆ ಹಾಕುವಂಥ ಬ್ಯಾಟರಿ!

ಜಪಾನಿನ ಶಿಜುವೊಕಾ ಊರಿನಲ್ಲಿ 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಶುರುವಾದದ್ದು ತಮಿಯಾ ಕಂಪೆನಿ. ಮೊದಲು ಮರದ ಮಾದರಿಗಳನ್ನು ಮಾಡುತ್ತಿದ್ದ ಅದು 1960ರ ಹೊತ್ತಿಗೆ ಪ್ಲಾಸ್ಟಿಕ್ಕಿಗೆ ತಿರುಗಿತು. ಮರುವರ್ಷ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಿತು. ಮಕ್ಕಳಿಗೆ ಅದು ನೆಲದ ಮೇಲೆ ಓಡಬೇಕು. ಓಡಲು ಮೋಟರು ಬೇಕು, ಮೋಟರಿಗೆ ಬ್ಯಾಟರಿ ಬೇಕು. ಅವು ಒಳಗೆ ಹಿಡಿಸುವಷ್ಟು ದೊಡ್ಡದಾಗಿ ಟ್ಯಾಂಕಿನ ಒಡಲನ್ನು ಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಅಸಲಿಯ ಸುಮಾರು ಮೂವತ್ತೈದನೇ ಒಂದು ಪಾಲಾಗಿತ್ತು. ಪ್ಯಾಂಥರ್ ಚೆನ್ನಾಗಿ ಮಾರಾಟವಾದ್ದರಿಂದ ಮುಂದಿನವೂ ಅದೇ ಅಳತೆಯಲ್ಲಿ ಬಂದವು. ಬೇರೆ ಕಂಪೆನಿಗಳೂ ಅದನ್ನೇ ಹಿಡಿದವು. ಈ ಕಥೆಯನ್ನು ಹೇಳಿದವರು ಕಂಪೆನಿಯನ್ನು ದಶಕಗಳ ಕಾಲ ನಡೆಸಿದ, 2025ರಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡ ಶುನ್‌ಸಾಕು ತಮಿಯಾ ಅವರೇ. ಮೋಟರು, ಬ್ಯಾಟರಿಗಳು ಇಂದಿನ ಬಹುಪಾಲು ಮಾದರಿಗಳಿಂದ ಮಾಯವಾಗಿವೆ. ಅಳತೆ ಮಾತ್ರ ಉಳಿದುಕೊಂಡಿದೆ.

ಈ ಲೆಕ್ಕದಲ್ಲಿ ನಳಿಗೆ ಸೇರಿ 8.66 ಮೀಟರ್ ಉದ್ದದ ಪ್ಯಾಂಥರ್ ಸುಮಾರು 25 ಸೆಂಟಿಮೀಟರಿಗೆ ಇಳಿಯುತ್ತದೆ. ಐದು ಮುಕ್ಕಾಲು ಅಡಿಯ ಸೈನಿಕ ಐದು ಸೆಂಟಿಮೀಟರ್ ಆಗುತ್ತಾನೆ. ಇಷ್ಟು ದೂರ ಎಲ್ಲವೂ ಸರಳ. ತೊಡಕು ಶುರುವಾಗುವುದು ಕೊಳೆಯಿಂದ.

ಧೂಳಿಗೂ ಅಳತೆಪಟ್ಟಿ

ರಸ್ತೆಯ ಮಣ್ಣನ್ನೇ ತಂದು ಟ್ಯಾಂಕಿಗೆ ಮೆತ್ತಿದರಾಯಿತಲ್ಲ ಎನ್ನಬಹುದು. ನಾನೂ ಹಾಗೇ ಮಾಡಿ ಕೈಸುಟ್ಟುಕೊಂಡವನು. ಅಂಗಳದ ಮಣ್ಣಿನಲ್ಲಿ ಒಂದು ಮಿಲಿಮೀಟರಿನ ಮರಳಿನ ಕಣ ಇದೆ ಎನ್ನಿ. ನಮಗೆ ಅದು ಕಣ. 1:35ರ ಟ್ಯಾಂಕಿಗೆ ಅದು ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲು! ನಾನು ಧೂಳೆಂದು ಉದುರಿಸಿದ್ದು ಟ್ಯಾಂಕಿನ ಮೇಲೆ ಜಲ್ಲಿ ಲಾರಿ ಮಗುಚಿದಂತೆ ಕಂಡಿತ್ತು. ಟ್ಯಾಂಕನ್ನು ಮೂವತ್ತೈದು ಪಟ್ಟು ಕುಗ್ಗಿಸಿದ ಮೇಲೆ ಧೂಳನ್ನೂ ಕುಗ್ಗಿಸಬೇಕು. ಆದ್ದರಿಂದಲೇ ಹವ್ಯಾಸಿಗಳು ಹಿಟ್ಟಿಗಿಂತ ನುಣುಪಾದ ಬಣ್ಣದ ಪುಡಿಯನ್ನು ಬಳಸುತ್ತಾರೆ.

ಬಣ್ಣ ಕಿತ್ತುಬಂದ ಗೀರಿಗೂ ಇದೇ ನ್ಯಾಯ. ಕುಂಚದಿಂದ ಒಂದು ಮಿಲಿಮೀಟರಿನ ಚುಕ್ಕೆ ಇಟ್ಟರೆ ಅದು ನಿಜದ ಟ್ಯಾಂಕಿನಲ್ಲಿ ಮೂರೂವರೆ ಸೆಂಟಿಮೀಟರಿನ ಗಾಯ. ಅಂಥವು ಹತ್ತು ಹದಿನೈದಾದರೆ ಟ್ಯಾಂಕಿಗೆ ಸಿಡುಬು ಎದ್ದಂತೆ ಕಾಣುತ್ತದೆ. ಒದ್ದೆ ಬಣ್ಣದ ಮೇಲೆ ಬೆರಳು ತಾಗಿತೋ, ಅರ್ಧ ಮೀಟರ್ ಅಗಲದ ಕೈಯುಳ್ಳ ರಾಕ್ಷಸನೊಬ್ಬ ಟ್ಯಾಂಕನ್ನು ಸವರಿ ಹೋದ ಗುರುತು ಬೀಳುತ್ತದೆ.

ಬಣ್ಣಕ್ಕೂ ದೂರದ ಲೆಕ್ಕವಿದೆ. ಮಾದರಿಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಟ್ಯಾಂಕನ್ನು 35 ಮೀಟರ್ ದೂರದಿಂದ ನೋಡಿದಂತೆ. ದೂರದ ಬೆಟ್ಟ ಮಾಸಲಾಗಿ ಕಾಣುವುದು ಎಲ್ಲರಿಗೂ ಗೊತ್ತು. ನಡುವಿನ ಗಾಳಿಯೂ ಬೆಳಕೂ ಬಣ್ಣದ ಗಾಢತೆಯನ್ನು ತಗ್ಗಿಸುತ್ತವೆ. ಆದ್ದರಿಂದ ಸೇನೆಯ ಡಬ್ಬಿಯಲ್ಲಿದ್ದ ಅಸಲಿ ಬಣ್ಣವನ್ನೇ ತಂದು ಬಳಿದರೂ ಪುಟ್ಟ ಟ್ಯಾಂಕಿನ ಮೇಲೆ ಅದು ಕಪ್ಪೇರಿದಂತೆ ತೋರುತ್ತದೆ. ಅದಕ್ಕೆಂದೇ ಅನುಭವಿಗಳು ಬಣ್ಣಕ್ಕೆ ತುಸು ತಿಳಿಯ ಛಾಯೆ ಬೆರೆಸುತ್ತಾರೆ. ಸರಿಯಾಗಿ ಕಾಣಬೇಕಾದರೆ ಸ್ವಲ್ಪ ತಪ್ಪಾಗಿ ಹಚ್ಚಬೇಕು!

ಪದರದ ಮೇಲೆ ಪದರ

ಕೆಲಸದ ಕ್ರಮ ಸ್ಥೂಲವಾಗಿ ಹೀಗೆ. ಜೋಡಿಸಿದ ಮಾದರಿಯನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆಯಬೇಕು. ಅಚ್ಚಿನಿಂದ ಬಂದ ಎಣ್ಣೆ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಒಣಗಿದ ಮೇಲೆ ಪ್ರೈಮರ್. ನಂತರ ಸಂದಿಗೊಂದಿಗಳಲ್ಲಿ ಗಾಢ ಬಣ್ಣ, ಅದರ ಮೇಲೆ ಟ್ಯಾಂಕಿನ ಮೂಲಬಣ್ಣ. ಇದಕ್ಕೆ ಏರ್‌ಬ್ರಷ್ ಇದ್ದರೆ ಚೆಂದ, ಕುಂಚವೇ ಗತಿ ಎಂದರೂ ತೆಳುವಾಗಿ ಎರಡು ಮೂರು ಸಲ ಹಚ್ಚಿ ಸಾಧಿಸಬಹುದು. ಬಿಸಿಲು ನೇರವಾಗಿ ಬೀಳುವ ಮೇಲ್ಭಾಗಕ್ಕೆ ಅದೇ ಬಣ್ಣವನ್ನು ಇನ್ನಷ್ಟು ಮಾಸಲು ಮಾಡಿ ಹಚ್ಚುತ್ತಾರೆ. ಬಳಿಕ ಹೊಳಪಿನ ವಾರ್ನಿಷ್. ಅಂಕಿ ಚಿಹ್ನೆಗಳ ಸ್ಟಿಕರ್ ನೀರಿನಲ್ಲಿ ನೆನೆದು ಕೂರುವುದು ಈ ನುಣುಪಿನ ಮೇಲೆಯೇ.

ಇಲ್ಲಿಂದ ಮುಂದೆ ಕೊಳೆಯ ಸರದಿ. ಮನೆಯ ಹಳೆಯ ಹಿತ್ತಾಳೆ ದೀಪದ ಕಂಬವನ್ನು ನೆನಪಿಸಿಕೊಳ್ಳಿ. ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ಕೆತ್ತನೆಯ ಸಂದಿಯಲ್ಲಿ ಕಪ್ಪು ನಿಂತೇ ಇರುತ್ತದೆ. ಉಬ್ಬಿದ ಅಂಚುಗಳು ಮಾತ್ರ ಫಳಫಳ ಹೊಳೆಯುತ್ತವೆ. ಟ್ಯಾಂಕ್ ಮಾದರಿಯ ಎರಡು ಮೂಲಮಂತ್ರಗಳು ಈ ದೀಪದಲ್ಲೇ ಇವೆ. ಕಲಾವಿದರ ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಿನಂತೆ ತೆಳುವಾಗಿ ಕದಡಿ, ಬೋಲ್ಟುಗಳ ಸುತ್ತ, ಬೆಸುಗೆಯ ಗೆರೆಗಳ ಗುಂಟ ಬಿಟ್ಟರೆ ಅದು ತಾನಾಗಿ ಸಂದಿಗೆ ಇಳಿದು ನೆರಳಾಗುತ್ತದೆ. ಇದು ‘ವಾಶ್’. ಕುಂಚಕ್ಕೆ ತಿಳಿಬಣ್ಣ ತಾಗಿಸಿ, ಬಹುಪಾಲನ್ನು ಬಟ್ಟೆಗೆ ಒರಸಿ, ಉಳಿದ ಪಸೆಯಿಂದ ಅಂಚುಗಳ ಮೇಲೆ ಸವರಿದರೆ ಉಬ್ಬಿದ ಭಾಗಗಳು ಎದ್ದು ಕಾಣುತ್ತವೆ. ಇದು ‘ಡ್ರೈಬ್ರಷ್’.

ಕೆಳಗೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ಮೇಲೆ ಎಣ್ಣೆಬಣ್ಣ ಎಂಬುದು ಇಲ್ಲಿನ ಗುಟ್ಟು. ಎರಡಕ್ಕೂ ಒಂದೇ ಜಾತಿಯ ದ್ರಾವಕ ಬಳಸಿದರೆ ಮೇಲಿನದು ಕೆಳಗಿನದನ್ನು ಕರಗಿಸಿ ತಿಂಗಳ ಕೆಲಸ ಗಂಜಿಯಾಗುತ್ತದೆ. ಟರ್ಪೆಂಟೈನ್ ಧಾರಾಳವಾದರೂ ಅಪಾಯ. ಬರಿ ಪ್ಲಾಸ್ಟಿಕ್ಕಿಗೆ ಅದು ಇಳಿದರೆ ಕೀಲುಗಳು ಪೆಡಸಾಗಿ ಪಟ್ಟೆಂದು ಮುರಿಯುತ್ತವೆ.

1970ರ ದಶಕದಲ್ಲಿ ಅಮೆರಿಕದ ಶಿಕಾಗೊದ ಶೆಪ್ ಪೇನ್, ಬಳಿಕ ಬೆಲ್ಜಿಯಂನ ಫ್ರಾನ್ಸ್ವಾ ವರ್ಲಿಂಡೆನ್ ಇಂಥ ತಂತ್ರಗಳನ್ನು ಲೋಕಪ್ರಿಯ ಮಾಡಿದರು. ಮಾನೊಗ್ರಾಂ ಕಂಪೆನಿಯ ಡಬ್ಬಿಗಳೊಳಗೆ ಪೇನ್ ಕಟ್ಟಿದ ದೃಶ್ಯಗಳ ಚಿತ್ರ ಮತ್ತು ವಿಧಾನವಿದ್ದ ಹಾಳೆಗಳು ಬರುತ್ತಿದ್ದವು. ಟ್ಯಾಂಕ್ ಒಂದನ್ನೇ ಅಲ್ಲ, ಅದು ನಿಂತ ನೆಲ, ಬಿದ್ದ ಗೋಡೆ, ಪಕ್ಕದ ಮನುಷ್ಯರನ್ನೂ ಸೇರಿಸಿ ಕಥೆ ಹೇಳಬೇಕೆಂಬುದು ಅವರ ಪಾಠ. ಅದುವರೆಗೆ ಮಕ್ಕಳ ಕಪಾಟಿನಲ್ಲಿದ್ದ ವಸ್ತು ದೊಡ್ಡವರ ಮೇಜಿಗೆ ಏರಿದ್ದು ಹೀಗೆ.

ಟ್ರ್ಯಾಕ್ಟರಿನ ಮುಂದೆ ಪಾಠ

ತಂತ್ರ ಕಲಿತ ಮಾತ್ರಕ್ಕೆ ಎಲ್ಲಿ ಹಚ್ಚಬೇಕೆಂದು ತಿಳಿಯುವುದಿಲ್ಲ. ಆ ಪಾಠ ನನಗಾದದ್ದು ಹವಾಲ್ದಾರರಿಂದ. ‘ಬನ್ನಿ ಸರ್’ ಎಂದು ಅವರು ನನ್ನನ್ನು ಎದುರು ಮನೆಯ ಮುಂದೆ ನಿಂತಿದ್ದ ಟ್ರ್ಯಾಕ್ಟರಿನ ಬಳಿಗೆ ಕರೆದೊಯ್ದರು. ‘ಇದನ್ನು ನೋಡಿ ಹೇಳಿ, ಡ್ರೈವರ್ ಯಾವ ಕಡೆಯಿಂದ ಹತ್ತುತ್ತಾನೆ?’

ನೋಡಿದರೆ ಉತ್ತರ ಬರೆದಿಟ್ಟಂತಿತ್ತು. ಎಡಗಡೆಯ ಮೆಟ್ಟಿಲಿನ ಬಣ್ಣ ಪೂರ್ತಿ ಸವೆದು ಲೋಹ ಬೆಳ್ಳಗೆ ಮಿರುಗುತ್ತಿತ್ತು. ಹಿಡಿದು ಏರುವ ಮಡ್‌ಗಾರ್ಡಿನ ಅಂಚು ಕೈಯ ಜಿಡ್ಡಿಗೆ ಕಪ್ಪಾಗಿತ್ತು. ಬಲಗಡೆ ಹೆಚ್ಚು ಕಡಿಮೆ ಹೊಸದರಂತೆಯೇ ಇತ್ತು. ಡೀಸೆಲ್ ಮುಚ್ಚಳದ ಕೆಳಗೆ ಉದ್ದಕ್ಕೆ ಇಳಿದ ಎಣ್ಣೆಯ ಕಲೆ, ಆ ಕಲೆಗೆ ಅಂಟಿದ ಧೂಳು. ನಿಜವಾದ ತುಕ್ಕು ಇದ್ದದ್ದು ಒಂದೇ ಕಡೆ. ಸೈಲೆನ್ಸರ್ ಕೊಳವೆಯಲ್ಲಿ. ಅಲ್ಲಿ ಬಣ್ಣ ಶಾಖಕ್ಕೆ ಸುಟ್ಟು ಹೋಗುತ್ತದೆ, ಬರಿ ಕಬ್ಬಿಣ ಗಾಳಿಗೆ ಒಡ್ಡಿಕೊಳ್ಳುತ್ತದೆ.

ಟ್ಯಾಂಕಿನದೂ ಇದೇ ವ್ಯಾಕರಣ. ನೆಲಕ್ಕೆ ತಾಗುವ ಟ್ರ್ಯಾಕಿನ ಉಬ್ಬುಗಳು ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತವೆ. ತಗ್ಗುಗಳಲ್ಲಿ ಮಣ್ಣು ಕೂರುತ್ತದೆ. ಟ್ರ್ಯಾಕನ್ನು ಎಳೆಯುವ ಹಲ್ಲುಚಕ್ರದ ಹಲ್ಲುಗಳೂ ಹೊಳೆಯುತ್ತವೆ. ಕೆಸರು ಕೆಳಗಿನಿಂದ ಮೇಲಕ್ಕೆ ಚಿಮ್ಮುವುದರಿಂದ ಕೆಳಗೆ ದಟ್ಟ, ಮೇಲೆ ವಿರಳ. ಓಡುವಾಗ ಎದ್ದ ಧೂಳು ಹಿಂಭಾಗದಲ್ಲಿ ಹೆಚ್ಚು ಕೂರುತ್ತದೆ. ಜನ ಇಳಿದು ಹತ್ತುವ ಮುಚ್ಚಳದ ಅಂಚಿನಲ್ಲಿ ಬೂಟಿನ ಸವೆತ. ನಿಂತ ಮೈಯ ಮೇಲೆ ಮಳೆನೀರು ಧೂಳನ್ನು ಎಳೆದು ತಂದ ಲಂಬ ಗೆರೆಗಳು. ಮರಳುಗಾಡಿನ ಒಣಹವೆಯಲ್ಲಿ ತುಕ್ಕು ಕಡಿಮೆ, ಸವೆತ ಮತ್ತು ಧೂಳು ಜಾಸ್ತಿ. ‘ಎಣ್ಣೆ ಚೆಲ್ಲಿದರೆ ನಾವು ಬನಿಯನ್ ವೇಸ್ಟಿನಲ್ಲಿ ಒರಸುತ್ತಿದ್ದೆವು. ಒರಸಿದ ಗುರುತು ಕೂಡ ಒಂದು ಗುರುತು ಸರ್’ ಎಂದರು ಹವಾಲ್ದಾರರು.

ಅಂದಿನಿಂದ ನನಗೆ ಬೀದಿಯೇ ಪಾಠಶಾಲೆ. ಬಳ್ಳಾರಿ ಕಡೆಯಿಂದ ಬಂದ ಅದಿರು ಲಾರಿಯ ಕೆಂಪು ಬೇರೆ, ಮಲೆನಾಡಿನ ಕೆಮ್ಮಣ್ಣು ಮೆತ್ತಿದ ಜೀಪಿನ ಕೆಂಪು ಬೇರೆ. ಎರೆಭೂಮಿಯ ಮಣ್ಣು ಹಸಿಯಿದ್ದಾಗ ಕಪ್ಪು, ಒಣಗಿದಾಗ ಬೂದಿ. ಟ್ಯಾಂಕಿಗೆ ಧೂಳು ಹಚ್ಚುವ ಮೊದಲು ಅದು ಯಾವ ಊರಿನ ಧೂಳು ಎಂದು ಕೇಳಿಕೊಳ್ಳುವ ಅಭ್ಯಾಸವಾಗಿದೆ. ಆದರೆ ಒಂದು ಎಚ್ಚರ ಬೇಕು. ಊರಿನ ಚೌಕದಲ್ಲಿ ಅಥವಾ ವಸ್ತುಸಂಗ್ರಹಾಲಯದಲ್ಲಿ ನಿಂತ ಟ್ಯಾಂಕುಗಳನ್ನು ನೋಡಿ ಕೊಳೆ ಕಲಿಯಲಾಗದು. ಅವುಗಳ ಆಕಾರ ಅಸಲಿ. ಬಣ್ಣ ಮಾತ್ರ ಸಾಮಾನ್ಯವಾಗಿ ಮುಂದೆ ಯಾವಾಗಲೋ ಸುಣ್ಣಬಣ್ಣದಂತೆ ಬಳಿದದ್ದು.

ಅಡುಗೆಮನೆಯ ಸಾಮಾನು

ವಿದೇಶದ ಅಂಗಡಿಗಳಲ್ಲಿ ಈಗ ‘ರಷ್ಯದ ಮಣ್ಣು’, ‘ಯುರೋಪಿನ ಧೂಳು’ ಎಂದು ಚೀಟಿ ಅಂಟಿಸಿದ ಪುಟ್ಟ ಬಾಟಲಿಗಳೇ ಸಿಗುತ್ತವೆ. ಹಣ ಕೊಟ್ಟು ಧೂಳು ಕೊಳ್ಳುವುದೆಂದರೆ ನಮ್ಮವರು ನಕ್ಕಾರು! ಮನೆಯಲ್ಲೇ ಅರ್ಧ ಸಾಮಾನಿದೆ. ಒಣ ಇಟ್ಟಿಗೆಪುಡಿ, ಒಲೆಯ ಬೂದಿ, ಸೀಮೆಸುಣ್ಣದ ಪುಡಿ ಇವನ್ನು ಕುಟ್ಟಿ, ತೆಳು ಪಂಚೆಯಲ್ಲಿ ಎರಡು ಸಲ ಸೋಸಿದರೆ ಧೂಳು ಸಿದ್ಧ. ಸೋಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಣಪುಡಿಯನ್ನು ಮೆತ್ತನೆಯ ಕುಂಚದಿಂದ ಮೂಲೆಗಳಿಗೆ ಸವರಿ, ಮೇಲೆ ಒಂದೆರಡು ಹನಿ ಟರ್ಪೆಂಟೈನ್ ಮುಟ್ಟಿಸಿದರೆ ಕೂತುಕೊಳ್ಳುತ್ತದೆ. ಬಿಳಿ ಅಂಟಿನಲ್ಲಿ ಕಲಸಿದರೆ ಅದೇ ಕೆಸರು. ಕೆಸರು ಚಿಮ್ಮಿದಂತೆ ಕಾಣಲು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಅದ್ದಿ ಹೆಬ್ಬೆರಳಿನಿಂದ ಮೀಟಬೇಕು.

ಉಕ್ಕಿನ ಹೊಳಪಿಗೆ ಮೆತ್ತನೆಯ ಪೆನ್ಸಿಲಿನ ಸೀಸದಷ್ಟು ಒಳ್ಳೆಯ ಬಣ್ಣ ಇನ್ನೊಂದಿಲ್ಲ. ಬೆರಳ ತುದಿಗೆ ಅದರ ಪುಡಿ ಹಚ್ಚಿ ಟ್ರ್ಯಾಕಿನ ಉಬ್ಬುಗಳ ಮೇಲೆ ಉಜ್ಜಿದರೆ ಸಾಕು. ಗೀರುಗಳಿಗೆ ಟಿವಿ ಪೆಟ್ಟಿಗೆಯೊಳಗೆ ಬರುವ ಸ್ಪಂಜಿನ ಚೂರು. ಗಾಢ ಕಂದು ಬಣ್ಣಕ್ಕೆ ತಾಗಿಸಿ, ಮುಕ್ಕಾಲು ಪಾಲನ್ನು ಕಾಗದಕ್ಕೆ ಒತ್ತಿ ತೆಗೆದು, ಅಂಚುಗಳಿಗೆ ಮೆಲ್ಲಗೆ ಮುಟ್ಟಿಸಿದರೆ ಕೈಯಿಂದ ಬಿಡಿಸಲಾಗದಷ್ಟು ಸಹಜವಾದ ಚುಕ್ಕೆಗಳು ಬೀಳುತ್ತವೆ. ಮೇಲ್ಬಣ್ಣ ಮಾತ್ರ ಹೋದ ಕಡೆ ಅದೇ ಬಣ್ಣದ ತಿಳಿಛಾಯೆ, ಲೋಹದವರೆಗೂ ಕಿತ್ತ ಕಡೆ ಕಂದು ಎಂಬ ವಿವೇಕವಿರಬೇಕು.

ಕೂದಲಿಗೆ ಹೊಡೆಯುವ ಹೇರ್‌ಸ್ಪ್ರೇ ಕೂಡ ಈ ಮೇಜಿಗೆ ಬಂದಿದೆ. ರಷ್ಯದ ಚಳಿಗಾಲದಲ್ಲಿ ಎರಡೂ ಕಡೆಯ ಸೈನಿಕರು ಟ್ಯಾಂಕುಗಳಿಗೆ ಸುಣ್ಣದಂಥ ಬಿಳಿಬಣ್ಣ ಬಳಿದು ಹಿಮದಲ್ಲಿ ಮರೆಯಾಗುತ್ತಿದ್ದರು. ದಿನ ಕಳೆದಂತೆ ಅದು ಉದುರಿ ಕೆಳಗಿನ ಬಣ್ಣ ಇಣುಕುತ್ತಿತ್ತು. ಮೂಲಬಣ್ಣದ ಮೇಲೆ ಹೇರ್‌ಸ್ಪ್ರೇ ಹೊಡೆದು, ಅದರ ಮೇಲೆ ಬಿಳಿ ಅಕ್ರಿಲಿಕ್ ಹಚ್ಚಿ, ಒದ್ದೆ ಕುಂಚದಿಂದ ತಿಕ್ಕಿದರೆ ಒಳಗಿನ ಹೇರ್‌ಸ್ಪ್ರೇ ನೀರಿಗೆ ಕರಗಿ ಬಿಳಿಬಣ್ಣ ಹಕ್ಕಳೆಯಾಗಿ ಏಳುತ್ತದೆ. ಅಂದು ಸುಣ್ಣ ಎದ್ದಂತೆಯೇ!

ಆರು ತಿಂಗಳ ಆಯುಸ್ಸು

ಕೈಗೆ ತಂತ್ರ ಬಂದ ಮೇಲೆ ಬರುವ ರೋಗವೆಂದರೆ ಅತಿಯಾಸೆ. ಕಲಿತದ್ದನ್ನೆಲ್ಲ ಒಂದೇ ಟ್ಯಾಂಕಿನ ಮೇಲೆ ತೋರಿಸುವ ಚಪಲ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಟ್ಯಾಂಕಿಗೆ ಎಷ್ಟು ವಯಸ್ಸು?

ಪ್ಯಾಂಥರನ್ನೇ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ಅದರ ತಯಾರಿ ಆರಂಭವಾದದ್ದು 1943ರ ಜನವರಿಯಲ್ಲಿ. ಅದು ಮೊದಲು ಯುದ್ಧಕ್ಕಿಳಿದದ್ದು ಅದೇ ವರ್ಷದ ಜುಲೈ 5ರಂದು, ರಷ್ಯದ ಕೂರ್ಸ್ಕ್ ಕದನದಲ್ಲಿ. ಸುಮಾರು 200 ಪ್ಯಾಂಥರ್‌ಗಳು ಬಂದಿದ್ದವು. ಕೆಲವೇ ದಿನಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಎಂಜಿನ್ ಕೆಟ್ಟೋ, ನೆಲಬಾಂಬು ಗುಂಡುಗಳಿಗೆ ಸಿಕ್ಕೋ ಸಾಲಿನಿಂದ ಹೊರಬಿದ್ದವು. ಅಂದರೆ ಅಲ್ಲಿದ್ದ ಅತ್ಯಂತ ಹಿರಿಯ ಟ್ಯಾಂಕಿಗೂ ಆರೇ ತಿಂಗಳು. ಧೂಳು ಹಚ್ಚಿ, ಒಪ್ಪಿಕೊಳ್ಳೋಣ. ಆದರೆ ಹತ್ತು ವರ್ಷದ ತುಕ್ಕು ಹಚ್ಚಿದರೆ ಅದು ಚರಿತ್ರೆಗೆ ಮಾಡಿದ ಮೋಸ.

ಬಣ್ಣವೂ ಹೀಗೇ ಕಥೆ ಹೇಳುತ್ತದೆ. 1943ರ ಫೆಬ್ರುವರಿಯಲ್ಲಿ ಜರ್ಮನ್ ಸೇನೆ ತನ್ನ ಟ್ಯಾಂಕುಗಳ ಮೂಲಬಣ್ಣವನ್ನು ಬೂದಿಯಿಂದ ಗಾಢ ಹಳದಿಗೆ ಬದಲಿಸಿತು. ಅದರ ಮೇಲೆ ಬಿಡಿಸಲು ಹಸಿರು ಮತ್ತು ಕೆಂಗಂದು ಬಣ್ಣದ ಗಟ್ಟಿ ಪೇಸ್ಟನ್ನು ಡಬ್ಬಿಗಳಲ್ಲಿ ದಂಡಿಗೇ ಕಳಿಸಲಾಗುತ್ತಿತ್ತು. ನೀರಿನಲ್ಲೋ ಪೆಟ್ರೋಲಿನಲ್ಲೋ ಕಲಸಿ, ಇದ್ದ ಸಲಕರಣೆಯಿಂದ ಹಚ್ಚಿಕೊಳ್ಳುವುದು ಸೈನಿಕರ ಕೆಲಸ. ಒಂದು ಟ್ಯಾಂಕಿನಂತೆ ಇನ್ನೊಂದಿಲ್ಲದಿರಲು ಇದೂ ಒಂದು ಕಾರಣ. ಮೇಜಿನ ಮುಂದೆ ಕೂತ ಹವ್ಯಾಸಿ ನಕಲು ಮಾಡುತ್ತಿರುವುದು ಕಾರ್ಖಾನೆಯ ಬಣ್ಣವನ್ನಲ್ಲ. ಹೆಸರು ಉಳಿಯದ ಯಾರೋ ಒಬ್ಬನ ಕೈಚಳಕವನ್ನು, ಅವಸರವನ್ನು.

ಜೋಜಿ ಲಾ ಏರಿದ ಸ್ಟುವರ್ಟ್

ಷರ್ಮನ್ ಗುಜರಿಯ ಪಾಲಾದ ಮೇಲೆ ನನ್ನ ಎರಡನೇ ಪ್ರಯತ್ನಕ್ಕೆ ನಮ್ಮದೇ ಕಥೆಯನ್ನು ಆರಿಸಿಕೊಂಡೆ. 1948ರ ಕಾಶ್ಮೀರ ಯುದ್ಧ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿರುವ ಜೋಜಿ ಲಾ ಕಣಿವೆ ಸುಮಾರು 11,500 ಅಡಿ ಎತ್ತರದಲ್ಲಿದೆ. ಅದು ಎದುರಾಳಿಗಳ ವಶದಲ್ಲಿತ್ತು. ಕಾಲಾಳುಗಳ ದಾಳಿ ಫಲಿಸಿರಲಿಲ್ಲ. ಆಗ ಅಲ್ಲಿನ ಡಿವಿಷನ್ನಿನ ದಂಡನಾಯಕರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕ್ ಏರಿಸುವ ಯೋಚನೆಯನ್ನು ಅವರು ಕಾರ್ಯಕ್ಕೆ ತಂದರು.

ಟ್ಯಾಂಕುಗಳು 7ನೇ ಲೈಟ್ ಕ್ಯಾವಲ್ರಿಯವು, ಅಮೆರಿಕದಲ್ಲಿ ತಯಾರಾದ ಸ್ಟುವರ್ಟ್ ಎಂಬ ಹಗುರ ಟ್ಯಾಂಕುಗಳು. ಜಮ್ಮುವಿನಿಂದ ತರುವಾಗ ಅವುಗಳ ಮೇಲಿನ ಗೋಪುರಗಳನ್ನು ಬಿಚ್ಚಿ ಬೇರೆಯಾಗಿ ಸಾಗಿಸಲಾಯಿತು. ದುರ್ಬಲ ಸೇತುವೆಗಳಿಗೆ ಭಾರ ಕಡಿಮೆಯಾಗಲಿ, ಗುಟ್ಟೂ ಉಳಿಯಲಿ ಎಂದು. ಬಾಲ್ತಾಲ್‌ನಿಂದ ಕಣಿವೆಗೆ ಏರುವ ಕಡಿದಾದ ಹಾದಿಯನ್ನು ಟ್ಯಾಂಕ್ ಹೋಗುವಂತೆ ಮಾಡಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನ ಎಂಜಿನಿಯರುಗಳು. 1948ರ ನವೆಂಬರ್ 1ರಂದು ಹಿಮದ ನಡುವೆ ಸ್ಟುವರ್ಟ್‌ಗಳು ಕಣಿವೆಯೊಳಗೆ ಗುಡುಗಿದಾಗ ಎದುರಾಳಿಗಳಿಗೆ ನಂಬಲಾಗಲಿಲ್ಲ. ತಿಮ್ಮಯ್ಯನವರು ಮುಂಚೂಣಿಯ ಟ್ಯಾಂಕಿನಲ್ಲೇ ಇದ್ದರು. ಕಣಿವೆ ಕೈವಶವಾಯಿತು, ಲಡಾಖಿನ ದಾರಿ ತೆರೆಯಿತು. ಅದುವರೆಗೆ ಜಗತ್ತಿನ ಯಾವ ಯುದ್ಧದಲ್ಲೂ ಟ್ಯಾಂಕ್ ಅಷ್ಟು ಎತ್ತರದಲ್ಲಿ ಕಾದಿರಲಿಲ್ಲ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ಮೂವತ್ತೈದನೇ ಒಂದರಲ್ಲಿ ಸ್ಟುವರ್ಟ್ ಸುಮಾರು 14 ಸೆಂಟಿಮೀಟರ್. ಅದರ 37 ಮಿಲಿಮೀಟರ್ ತೋಪಿನ ಬಾಯಿ ಒಂದು ಮಿಲಿಮೀಟರ್, ಗುಂಡುಸೂಜಿಯ ತಲೆಗಿಂತ ಚಿಕ್ಕದು. ಇದಕ್ಕೆ ಯಾವ ಕೊಳೆ ಹಚ್ಚಬೇಕು? ಈ ಸಲ ಕುಂಚ ಹಿಡಿಯುವ ಮೊದಲು ಒಂದು ವಾರ ಯೋಚಿಸಿದೆ. ಮಹಾಯುದ್ಧದ ಕಾಲದ ಟ್ಯಾಂಕು, ಆದ್ದರಿಂದ ಬಣ್ಣ ಮಾಸಿರಬೇಕು. ಗೋಪುರವನ್ನು ಬಿಚ್ಚಿ ಮತ್ತೆ ಕೂರಿಸಿದ್ದಾರೆ, ಆದ್ದರಿಂದ ಅದರ ಬುಡದ ಸುತ್ತ ಸ್ಪ್ಯಾನರು ಸರಪಳಿಗಳು ತಾಗಿದ ಹೊಸ ಗೀರುಗಳಿರಬೇಕು. ಹೊಸ ಗೀರಿಗೆ ತುಕ್ಕು ಹಚ್ಚುವಂತಿಲ್ಲ. ಕೆಳಗೆ ಹೊಸದಾಗಿ ಕಡಿದ ಹಾದಿಯ ಮಣ್ಣು, ಟ್ರ್ಯಾಕಿನ ಸಂದಿಯಲ್ಲಿ ಒತ್ತಿದ ಹಿಮ. ಎಂಜಿನ್ ಶಾಖಕ್ಕೆ ಹಿಂಭಾಗದ ಹಿಮ ಕರಗಿ ಇಳಿದ ಒದ್ದೆ ಗೆರೆಗಳು. ಎಲ್ಲವನ್ನೂ ಹಚ್ಚಿ ಮುಗಿಸುವಷ್ಟರಲ್ಲಿ ನನಗೆ ಆ ಟ್ಯಾಂಕಿಗಿಂತ ಆ ಹಾದಿ ಹೆಚ್ಚು ಪರಿಚಿತವಾಗಿತ್ತು.

ಯುದ್ಧದ ಆಟವೇ?

ಈ ಹವ್ಯಾಸವನ್ನು ನೋಡಿ ಮುಖ ಸಿಂಡರಿಸುವವರೂ ಇದ್ದಾರೆ. ಕೊಲ್ಲುವ ಯಂತ್ರವನ್ನು ಷೋಕೇಸಿನಲ್ಲಿಟ್ಟು ಮುದ್ದಿಸುವುದೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹೊಸ ಬಣ್ಣದಲ್ಲಿ ಮಿರಮಿರನೆ ಹೊಳೆಯುವ ಟ್ಯಾಂಕನ್ನು ಕಂಡಾಗ ನನಗೂ ಹಾಗೆ ಅನ್ನಿಸುತ್ತದೆ. ಅದರಲ್ಲಿ ಬಲವೊಂದೇ ಕಾಣುತ್ತದೆ, ಬೆಲೆ ಕಾಣುವುದಿಲ್ಲ.

1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ ‘ಫಾಮಗುಸ್ತಾ’ ಎಂಬ ಹೆಸರಿನ ಸೆಂಚುರಿಯನ್ ಟ್ಯಾಂಕಿನಲ್ಲಿದ್ದರು. ಟ್ಯಾಂಕಿಗೆ ಬೆಂಕಿ ಹತ್ತಿದರೂ ಇಳಿಯಲೊಪ್ಪದೆ ಕಾದು ಮಡಿದರು. ಅವರಿಗೆ ಪರಮವೀರ ಚಕ್ರ ಸಂದಿತು. ವಯಸ್ಸು 21. ಆ ಟ್ಯಾಂಕನ್ನು ಈಗ ಅಹಿಲ್ಯಾನಗರವಾಗಿರುವ ಅಹಮದ್‌ನಗರದ ಆರ್ಮರ್ಡ್ ಕೋರ್ ಕೇಂದ್ರದಲ್ಲಿ ಕಾಪಾಡಿದ್ದಾರೆ. ಆ ಟ್ಯಾಂಕಿನ ಮಾದರಿ ಮಾಡುವವನು ಅದರ ಮೇಲೆ ಮಸಿ ಎಲ್ಲಿ ಹಚ್ಚಬೇಕೆಂದು ಯೋಚಿಸುವಾಗ ಒಳಗೆ ಕೂತಿದ್ದವರ ಬಗ್ಗೆ ಯೋಚಿಸದೆ ಇರಲಾರ. ಆಟಿಕೆಗೂ ಮಾದರಿಗೂ ವ್ಯತ್ಯಾಸ ಇರುವುದು ಇಲ್ಲೇ. ಕಲೆಗಳನ್ನು ಸರಿಯಾದ ಜಾಗದಲ್ಲಿ ಇಡಬೇಕಾದರೆ ಅಲ್ಲಿ ಯಾರು ಕಾಲಿಟ್ಟರು, ಯಾರ ಕೈ ತಾಗಿತು, ಯಾವ ಗಾಯ ಹೇಗಾಯಿತು ಎಂದು ತಿಳಿದಿರಬೇಕು.

ಸ್ಟುವರ್ಟನ್ನು ತೆಗೆದುಕೊಂಡು ಹವಾಲ್ದಾರರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದರು. ಟ್ರ್ಯಾಕಿನ ಹೊಳಪು ಕಂಡು ತಲೆಯಾಡಿಸಿದರು. ಮುಚ್ಚಳದ ಅಂಚಿನ ಸವೆತದ ಮೇಲೆ ಬೆರಳ ತುದಿ ತಂದು, ಮುಟ್ಟದೆ ಹಾಗೇ ನಿಲ್ಲಿಸಿದರು. ಬಹಳ ಹೊತ್ತು ಮಾತಾಡಲಿಲ್ಲ.

‘ಎಲ್ಲ ಸರಿಯಾಗಿದೆ ಸರ್’ ಎಂದರು ಕೊನೆಗೆ. ‘ಆದರೆ ಇಷ್ಟು ಜನ ಕುಡಿಯೋ ನೀರು ಎಲ್ಲಿ ಕಟ್ಟಿಕೊಂಡಿದ್ದಾರೆ?’

ಮನೆಗೆ ಬಂದು ಮತ್ತೆ ಮೇಜಿನ ಮುಂದೆ ಕೂತೆ. ಇಪ್ಪತ್ತು ಲೀಟರಿನ ಸೇನೆಯ ಕ್ಯಾನ್ 47 ಸೆಂಟಿಮೀಟರ್ ಎತ್ತರವಿರುತ್ತದೆ. ಮೂವತ್ತೈದರಿಂದ ಭಾಗಿಸಿದರೆ ಹದಿಮೂರು ಮಿಲಿಮೀಟರಿಗೆ ತುಸು ಮೇಲೆ. ಪ್ಲಾಸ್ಟಿಕ್ ತುಂಡೊಂದನ್ನು ಅಷ್ಟಕ್ಕೆ ಕತ್ತರಿಸಿಕೊಂಡಿದ್ದೇನೆ. ಹಿಡಿಯ ಹತ್ತಿರ ಬಣ್ಣ ಸವೆದಿರಬೇಕು.